ಕುಬಿಹಾಳದ ಖಾಲಿ ಡೈರೆಕ್ಟರಿ

ಕುಬಿಹಾಳದ ಹಾಡುಗಳು ಇರಲಿಲ್ಲ.

೧೯೮೯ರ ಒಂದು ಸೋಮವಾರ. ಸಂಶಿಯ ಜನಪದ ಹಾಡಿನ ಕೇಂದ್ರದಲ್ಲಿ ಹೊಸ ಕಂಪ್ಯೂಟರ್ ಚಾಲು ಮಾಡಿದ ಕಾರ್ಯದರ್ಶಿ ಶಿದ್ಲಿಂಗಪ್ಪ ಚೀರಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. ಹನ್ನೆರಡು ಊರು, ಊರಿಗೊಂದರಂತೆ ಹಾಡಿನ ಕಡತ ಇಡುವ ಹನ್ನೆರಡು ಡೈರೆಕ್ಟರಿ. ಹನ್ನೊಂದು ತುಂಬಿದ್ದವು. ಕುಬಿಹಾಳದ್ದು ಹೆಸರಿಗಷ್ಟೇ ಇತ್ತು. ಅದರಲ್ಲಿ ಇರಬೇಕಾಗಿದ್ದದ್ದು ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿ ಅಳುವ ನಲವತ್ತು ಹಾಡು. ಹಾಡಿದ ರೇವವ್ವ ಹೋದ ವರ್ಷ ತೀರಿಕೊಂಡಿದ್ದಳು. ಹಳೆಯ ಕಂಪ್ಯೂಟರ್ ಎಲ್ಲ ಅಳಿಸಿಕೊಂಡು ಹುಬ್ಬಳ್ಳಿಗೆ ಹೋಗಿತ್ತು. ಹಳೆಯದರಿಂದ ಹೊಸದಕ್ಕೆ ಹಾಡು ಸಾಗಿಸಿದ ಫ್ಲಾಪಿಗಳನ್ನೂ ಆಮೇಲೆ ಅಳಿಸಿ ಖಾಲಿ ಮಾಡಿದ್ದರು.

"ಇದು ನಿಜಾಮಸಾಬಂದಽ ಕೆಲಸ್ರೀ ಸಾಹೇಬ್ರ. ನೌಕರಿಯಿಂದ ತಗೀತೇನಿ ಅಂದಿದ್ದೆ, ಸೇಡು ತೀರಿಸ್ಕೊಂಡಾನ. ಒಳಗ ಹಾಕ್ರಿ," ಶಿದ್ಲಿಂಗಪ್ಪ ಕೂಗಾಡಿದ.

ಸಬ್‌ಇನ್‌ಸ್ಪೆಕ್ಟರ್ ಮಡಿವಾಳೆಪ್ಪ ಆಪರೇಟರ್ ನಿಜಾಮಸಾಬನ ಕಡೆ ನೋಡಿದ. ಅವನು ತಲೆ ತಗ್ಗಿಸಿ ನಿಂತಿದ್ದ.

"ಬಾಯಿ ಬಿಡಲೇ. ಸುಮ್ಮನಿದ್ರ ಜೈಲು."

"ಶನಿವಾರ ಸಾಗಿಸಿದಾವ ನಾನಽರಿ. ಮುಂದಿಂದು ಗೊತ್ತಿಲ್ರಿ."

* * *

"ಹ್ಯಾಂಗ ಸಾಗಿಸಿದಿ? ನನ್ನ ಮುಂದ ಮಾಡು."

ನಿಜಾಮಸಾಬ ಹೊಸ ಫ್ಲಾಪಿ ತೂರಿಸಿ ಒಂದೇ ಸಾಲು ಟೈಪ್ ಮಾಡಿದ. ನಕಲು ಮಾಡುವ ಆಜ್ಞೆ: ಎಕ್ಸ್‌ಕಾಪಿ, ಕೊನೆಗೆ ಸ್ಲ್ಯಾಶ್, ಎಸ್. ಊರಿಗೆ ಊರೇ ಫ್ಲಾಪಿಗೆ ಹರಿದುಹೋಯಿತು. ಮಡಿವಾಳೆಪ್ಪ ಫ್ಲಾಪಿಗೆ ಬಂದ ಊರು ಎಣಿಸಿದ. ಹನ್ನೊಂದು.

"ಕುಬಿಹಾಳ ಎಲ್ಲಿ?"

"ಖಾಲಿ ಇದ್ದದ್ದನ್ನ ಇದು ಒಯ್ಯೂದಿಲ್ರಿ." ಅಂದವನೇ ತುಟಿ ಕಚ್ಚಿಕೊಂಡ.

* * *

ಕಚೇರಿಯಲ್ಲಿ ಇನ್ನೊಬ್ಬಳಿದ್ದಳು, ಕಸ್ತೂರೆವ್ವ. ಟೇಪು ಕೇಳಿ ಹಾಡು ಹೇಳುವುದು ಅವಳ ಕೆಲಸ. ನಿಜಾಮಸಾಬ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಟೈಪ್ ಮಾಡುತ್ತಿದ್ದ. ಟೈಪಾದ ಮೇಲೆ ಅದೇ ಟೇಪಿನಲ್ಲಿ ಬೇರೆ ಊರಿನ ಹಾಡು ತುಂಬುತ್ತಿದ್ದರು.

"ಖಾಲಿ ಡೈರೆಕ್ಟರಿ ಸಾಗೂದಿಲ್ಲ," ಮಡಿವಾಳೆಪ್ಪ ಹೇಳಿದ. "ಆದ್ರ ಕುಬಿಹಾಳ ಇಲ್ಲಿಗೆ ಬಂದೈತಿ. ಅಂದ್ರ ತುಂಬಿಕೊಂಡಽ ಬಂದೈತಿ. ಅಳಿಸಿದ್ದು ಆಮ್ಯಾಲೆ. ನಿಜಾಮಸಾಬ ಶನಿವಾರನಽ ಹಳೇ ಕಂಪ್ಯೂಟರ್ ಜೋಡಿ ಹುಬ್ಬಳ್ಳಿಗೆ ಹೋದಾವ, ಇವತ್ತ ಬಂದದ್ದು ಶಿದ್ಲಿಂಗಪ್ಪನವರ ಜೋಡಿ. ಹೋಗೂ ಮೊದ್ಲ ಅವ ಅಳಿಸಿದ್ರ, ಕೆಲಸ ಬಲ್ಲಾವ, ಡೈರೆಕ್ಟರಿ ಹೆಸರೂ ಉಳೀತಿರಲಿಲ್ಲ. ಮುಂಜಾನೆ ಬಾಗಲಾ ತೆಗೆದವ್ರು ಯಾರ್ರೀ, ಅಕ್ಕಾರ?"

"ನಾನಽರಿ." ಅವಳು ಸುಳ್ಳಾಡಲಿಲ್ಲ. "ರೇವವ್ವ ನಮ್ಮವ್ವ. ನನ್ನ ಮಗಳು ಸತ್ತಾಗ ಒಂದು ಹಾಡು ಹಾಡಿದ್ದಳು. ಈ ಶಿದ್ಲಿಂಗಪ್ಪನವರು ಬಂದವರಿಗೆಲ್ಲಾ ಚಾ ಕೊಟ್ಟು, ಕಂಪ್ಯೂಟರಿನಾಗ ಅದನ್ನಽ ಓದಿ ತೋರಸ್ತಿದ್ರು. 'ಎಂಥಾ ಉಪಮೆ!' ಅಂತಿದ್ರು."

"ಒಂದು ಹಾಡಿಗೆ ನಲವತ್ತು ಯಾಕ ಅಳಿಸಿದ್ರಿ?"

"ನಿಜಾಮಸಾಬನ ಬಾಜು ಕುಂತು ನೋಡಿ ನೋಡಿ ಅಳಿಸೂದು ಕೈಗೆ ಬಂದಿತ್ರಿ. ಇಂಗ್ಲಿಷ್‌ನಾಗ ನಮ್ಮೂರಿನ ಹೆಸರಷ್ಟ ಗುರ್ತು, ಹಾಡು ಓದಾಕ ಬರೂದಿಲ್ಲ. ನಮ್ಮದು ಯಾವುದಂತ ತಿಳೀಲಿಲ್ಲ."

ಮಡಿವಾಳೆಪ್ಪ ನಿಜಾಮಸಾಬನತ್ತ ತಿರುಗಿದ. "ಅಕ್ಕಾರ ಕೆಲಸಂತ ನಿನಗ ತಿಳಿದಿತ್ತಲ್ಲೋ. ಯಾಕ ಹೇಳ್ಲಿಲ್ಲ?"

"ಆ ಹಾಡಿನಾಗ ಹುಡುಗಿ ಹೆಸರು ಇಪ್ಪತ್ತಾರು ಸಲ ಬರತೈತ್ರಿ. ಇಪ್ಪತ್ತಾರೂ ಸಲ ಅಕ್ಕಾ ಬಾಯಿಬಿಟ್ಟು ಹೇಳಿದ್ರು, ನಾ ಟೈಪ್ ಮಾಡಿದೆ."

ಮಡಿವಾಳೆಪ್ಪ ಪೆನ್ನು ತೆಗೆದ. "ದೂರಿನಾಗ ಯಾರ ಹೆಸರು ಬರೀಲ್ರಿ?"

ಶಿದ್ಲಿಂಗಪ್ಪ ಖಾಲಿ ಫ್ಲಾಪಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

"ನಂದು ಬರೀರಿ," ಕಸ್ತೂರೆವ್ವ ಅಂದಳು. "ನನ್ನ ಮಗಳ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ್ರಿ."