ಚಿಪ್ಪಿನ ಗೆರೆಯ ಮೇಲಿನ ಒಲೆ

ಚಿಪ್ಪಿನ ಗೆರೆಯ ಕೆಳಗೆ ಯಾರೂ ಒಲೆ ಹೂಡಬಾರದು. ಬಹಳ ಬಹಳ ಹಿಂದೆ, ಶಂಖಾವಳಿ ಎಂಬ ಕಡಲ ನಾಡಿನಲ್ಲಿ ಇದ್ದದ್ದು ಈ ಒಂದೇ ಕಟ್ಟಳೆ. ಅದನ್ನು ಎಲ್ಲರೂ ಮುರಿದರು.

ಊರ ಹಿಂದಿನ ಗುಡ್ಡದ ನಡುವಿಗೆ ಉಡಿದಾರ ಕಟ್ಟಿದ ಹಾಗೆ ಒಂದು ಮೊಳ ದಪ್ಪದ ಚಿಪ್ಪಿನ ಪದರವಿತ್ತು. ಅದರ ಕೆಳಗೆ ಬಲೆ ಒಣಗಿಸಬಹುದು, ಭತ್ತ ಬೆಳೆಯಬಹುದು, ಮಲಗಲೂಬಹುದು. ಒಲೆ ಮಾತ್ರ ಮೇಲೆ. ಮೊದಲು ಬೆಸ್ತರು ಮುರಿದರು. ಮೇಲಿನಿಂದ ತಂದ ಗಂಜಿ ಆರಿಹೋಗುತ್ತದೆ ಎಂದರು. ಆಮೇಲೆ ವರ್ತಕರು ಮುರಿದರು. ಕೊನೆಗೆ ರಾಜ ಬೀರರಸನೇ ಕಡಲಿಗೆ ಕಾಲು ಚಾಚಿದಂತೆ ಅರಮನೆ ಕಟ್ಟಿಸಿದ. ತಪ್ಪು ಮಾಡಿದೆವೆಂದು ಯಾರಿಗೂ ಅನಿಸಲಿಲ್ಲ. ಪಕ್ಕದ ಮನೆಯವರು ಮಾಡಿದ್ದನ್ನೇ ಮಾಡಿದೆವು ಎಂದಷ್ಟೇ ಅನಿಸಿತು.

ಆಗ ಧೂಮಲನೆಂಬ ಮಾಂತ್ರಿಕ ಬಂದ. ಕೆಳಗಿಳಿದ ಪ್ರತಿ ಒಲೆಯಲ್ಲೂ ಒಂದು ದುಂಡನೆಯ ಕುಳಿ ತೋಡಿ, ಒಂದೊಂದು ಕೆಂಡ ಇಟ್ಟುಕೊಟ್ಟ. ಆ ಕೆಂಡ ಆರುವುದಿಲ್ಲ, ಸೌದೆ ಬೇಡುವುದಿಲ್ಲ, ಹೊಗೆ ಬಿಡುವುದಿಲ್ಲ.

"ಹೊಗೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದವಳು ಒಬ್ಬಳೇ, ಸುಣ್ಣ ಸುಡುವ ಬೊಮ್ಮಕ್ಕ.

"ಹೊಗೆ ಇದ್ದರೆ ತಾನೆ ತಂಗಿ, ಹೋಗೋದಕ್ಕೆ?" ಎಂದು ಧೂಮಲ ನಕ್ಕ.

"ಹದಿನೆಂಟು ವರ್ಷದಿಂದ ಸುಣ್ಣದ ಗೂಡು ಸುಡ್ತಿದ್ದೀನಿ. ಹೊಗೆ ಇಲ್ಲದ ಬೆಂಕಿ ನಾನು ಕಂಡಿಲ್ಲ. ನಿನ್ನದು ಬೇರೆ ಯಾರದೋ ಮನೇಲಿ ಹೊಗೆ ಬಿಡ್ತಿದೆ."

ನಾಡಿನಲ್ಲಿ ಗೆರೆಯ ಮೇಲೆ ಉಳಿದ ಒಲೆ ಅವಳದೊಂದೇ. ಅವಳ ಗಂಡ ಮಲ್ಲಿದೇವ ಅರಮನೆಯ ಗೋಡೆ ಕಟ್ಟುವ ಕಲ್ಲುಕುಟಿಗ. "ಊರಿಗೆ ಊರೇ ಇಳಿದಿದೆ, ನಾವಿಬ್ಬರು ಕೋತಿಗಳ ಹಾಗೆ ಗುಡ್ಡದ ಮೇಲೆ. ಹತ್ತಿ ಇಳಿದು ನನ್ನ ಮಂಡಿ ಸವೆದುಹೋಯ್ತು" ಎಂದು ದಿನವೂ ಗೊಣಗುತ್ತಿದ್ದ.

"ನಾಲಿಗೆ ಸವೆದಿಲ್ಲವಲ್ಲ, ಊಟ ಮಾಡು" ಎನ್ನುತ್ತಿದ್ದಳು.

ಒಂದು ದಿನ ಧೂಮಲ ರಾಜನಿಗೆ ಹೇಳಿದ: "ಪ್ರಭು, ಆ ಒಂದು ಒಲೆಯನ್ನೂ ಅದರ ಒಡತಿ ತನ್ನ ಕೈಯಾರೆ ಕೆಳಗೆ ಹೂಡಲಿ. ಕಡಲನ್ನು ಮೂರು ಹರಿದಾರಿ ಹಿಂದಕ್ಕೆ ತಳ್ಳಿಕೊಡುತ್ತೇನೆ."

ರಾಜ ಬೊಮ್ಮಕ್ಕನನ್ನು ಕರೆಸಿದ. "ಯಾಕೆ ಇಳಿಯುವುದಿಲ್ಲ?"

"ಕಡಲು ಒಂದು ಕಾಲದಲ್ಲಿ ಗೆರೆಯ ತನಕ ಇತ್ತು ಸ್ವಾಮಿ. ಮತ್ತೆ ಬರುತ್ತೆ."

"ಮೂರು ದಿನ ಕೊಟ್ಟಿದ್ದೇನೆ. ಸಾಕ್ಷಿ ತಾ. ನಾನು ಒಪ್ಪುವಂತಿರಲಿ. ಇಲ್ಲದಿದ್ದರೆ ನಿನ್ನ ಒಲೆ ನೀನೇ ಇಳಿಸಬೇಕು."

ಮೊದಲ ದಿನ ಅವಳು ಗುಡ್ಡವನ್ನು ಅಗೆದು ಒಂದು ಮಂಕರಿ ಚಿಪ್ಪು ತಂದಳು.

"ಹಕ್ಕಿಗಳು ತಿಂದು ಎಸೆದದ್ದು" ಎಂದ ಧೂಮಲ.

"ಹಕ್ಕಿ ತಿಂದಿದ್ದರೆ ಬಾಯಿ ತೆರೆದಿರುತ್ತಿತ್ತು. ಇವು ಜೋಡಿ ಬಿಡದೆ ಮುಚ್ಚಿಕೊಂಡಿವೆ. ಅಲ್ಲೇ ಬದುಕಿ ಅಲ್ಲೇ ಸತ್ತವು."

ರಾಜ ಒಂದೊಂದನ್ನೇ ಒಡೆದು ನೋಡಿದ. ಎಲ್ಲದರೊಳಗೂ ಕಡಲ ಮರಳು. ಅವನ ನಗು ಅರ್ಧಕ್ಕೆ ನಿಂತಿತು. ಆದರೂ ಹೇಳಿದ, "ಇತ್ತು ಅನ್ನು. ಹೋಯಿತು. ಹೋದದ್ದು ಎಲ್ಲಾದರೂ ಮರಳಿ ಬಂದದ್ದುಂಟೆ?"

ಎರಡನೆಯ ದಿನ ಅವಳು ಕಡಲ ದಡದಲ್ಲಿ ನಿಂತಳು. ಅಂಬಾರಿಯಷ್ಟು ದೊಡ್ಡ ಆಮೆಯೊಂದು ತಲೆಯೆತ್ತಿತು.

"ನಮ್ಮೂರ ಚಿಪ್ಪೆಲ್ಲ ಸುಟ್ಟು ಸುಣ್ಣ ಮಾಡೋಳು ನೀನೇ ತಾನೆ?"

"ಹೌದು. ಸತ್ತದ್ದನ್ನು ಸುಡ್ತೀನಿ. ಜೀವ ಇದ್ದದ್ದನ್ನು ಮುಟ್ಟಿಲ್ಲ."

"ಗೊತ್ತು. ಅದಕ್ಕೇ ಮಾತಾಡಿಸಿದೆ. ಬೆನ್ನ ಮೇಲೆ ಹತ್ತು."

ಆಮೆ ಅವಳನ್ನು ಇಪ್ಪತ್ತು ಆಳುದ್ದ ಕೆಳಗೆ ಕರೆದೊಯ್ದಿತು. ಅಲ್ಲಿ ಮರದ ಬೊಡ್ಡೆಗಳಿದ್ದವು, ನೆಲಕ್ಕೆ ಬೇರು ಬಿಟ್ಟುಕೊಂಡೇ. ಬೊಡ್ಡೆಗಳ ನಡುವೆ ಒಂದು ಓಣಿ. ಓಣಿಯಲ್ಲಿ ಮೂರು ಕಲ್ಲಿನ ಒಂದು ಒಲೆ. ಒಲೆಯ ಮೇಲೆ ಮಡಕೆ, ಮಡಕೆಯಲ್ಲಿ ಸೌಟು. ಅದರಾಚೆ ಇನ್ನೊಂದು ಒಲೆ. ಮತ್ತೊಂದು. ಕಣ್ಣು ಹೋದಷ್ಟು ದೂರ ಒಲೆಗಳು. ಪ್ರತಿ ಒಲೆಯಲ್ಲೂ ಧೂಮಲನ ಕೆಂಡದ ಅದೇ ದುಂಡನೆಯ ಕುಳಿ.

ಬೊಮ್ಮಕ್ಕ ಒಂದು ಕುಳಿಗೆ ಕೈಯಿಟ್ಟು ನೋಡಿದಳು.

"ಇದು ಹಿಂದೆ ಮುಳುಗಿದ ನಾಡು. ಮುಳುಗಿದ ಒಲೆಗಳ ಬೆಂಕಿಯೇ ಧೂಮಲನ ಆಯುಸ್ಸು" ಎಂದಿತು ಆಮೆ.

ಅವಳು ಮಸಿ ಹಿಡಿದ ಒಂದು ಕಲ್ಲನ್ನು ತಂದು ಆಸ್ಥಾನದಲ್ಲಿ ಇಟ್ಟು, ಕಂಡದ್ದನ್ನೆಲ್ಲ ಹೇಳಿದಳು. ರಾಜ ಮುಟ್ಟಿದ. ಬೆರಳು ಕಪ್ಪಾಯಿತು. ಆ ಬೆರಳನ್ನು ಅವನು ಒರೆಸಿಕೊಳ್ಳಲೂ ಮರೆತು ಕೂತ.

"ಮಾಂತ್ರಿಕರನ್ನು ಕಂಡರಾಗದವರು ಕಟ್ಟುವ ಕತೆ" ಎಂದ ಧೂಮಲ. "ಇರಲಿ, ಅಷ್ಟು ನೀರು ಹೋದಾಗ ಹೋಗಿದ್ದೆಲ್ಲಿಗೆ? ಬಂದಾಗ ಬಂದದ್ದೆಲ್ಲಿಂದ? ಹೇಳಲಿ."

ಮೂರನೆಯ ದಿನ ಆಮೆ ಅವಳನ್ನು ಲೋಕದ ಬಡಗಣ ತುದಿಗೆ ಒಯ್ದಿತು. ಅಲ್ಲಿ ಒಂದು ಹಿಮದಾನೆ ಮಲಗಿತ್ತು. ಅದರ ಬೆನ್ನೇ ಒಂದು ನಾಡಿನಷ್ಟಿತ್ತು.

"ಅಷ್ಟು ನೀರು ನನ್ನೊಳಗಿದೆ ಮಗಳೇ" ಎಂದಿತು ಆನೆ. "ಚಳಿಯ ಯುಗದಲ್ಲಿ ಕುಡಿಯುತ್ತೇನೆ, ಕಡಲು ಇಳಿಯುತ್ತದೆ. ಬಿಸಿಯ ಯುಗದಲ್ಲಿ ಕರಗುತ್ತೇನೆ, ಕಡಲು ಏರುತ್ತದೆ. ಎಷ್ಟೋ ಸಲ ಹೀಗೆ ಆಗಿದೆ. ಆದರೆ ಆಗ ನಿಧಾನವಾಗಿ ಕರಗುತ್ತಿದ್ದೆ. ಈಗ ಯಾರೋ ನನ್ನ ಹೊಟ್ಟೆಯ ಕೆಳಗೆ ಬೆಂಕಿ ಹಾಕಿದ್ದಾರೆ."

ಬೊಮ್ಮಕ್ಕ ಬಗ್ಗಿ ನೋಡಿದಳು. ಆನೆಯ ಹೊಟ್ಟೆಯಡಿಯಲ್ಲಿ ಹೊಗೆ ದಟ್ಟೈಸಿತ್ತು. ಕಾಣೆಯಾದ ಹೊಗೆಯೆಲ್ಲ ಅಲ್ಲಿತ್ತು. ಅದರಲ್ಲಿ ಅರಮನೆಯ ತುಪ್ಪದ ವಾಸನೆ ಇತ್ತು, ಬೆಸ್ತರ ಕೇರಿಯ ಸುಟ್ಟ ಮೀನಿನ ವಾಸನೆ ಇತ್ತು. ಮತ್ತೊಂದು ವಾಸನೆಗೆ ಅವಳು ಇನ್ನೂ ಬಗ್ಗಿ ಮೂಗೊಡ್ಡಿದಳು. ಹುರುಳಿ ಸಾರು, ಬೆಳ್ಳುಳ್ಳಿ ಸೀದುಹೋಗಿದೆ. ಅವಳ ಮನೆಯ ಸಾರು. ಅದನ್ನು ಹಾಗೆ ಸೀಯಿಸುವವನು ಲೋಕದಲ್ಲಿ ಒಬ್ಬನೇ, ಮಲ್ಲಿದೇವ.

"ಅವನೂನಾ?" ಎಂದಳು.

"ಅರಮನೆ ಗೋಡೆಯ ಮರೆಯಲ್ಲಿ ಒಂದು ಪುಟ್ಟ ಒಲೆ" ಎಂದಿತು ಆನೆ. "ಇವತ್ತು ಹೊತ್ತು ಮುಳುಗುವುದರೊಳಗೆ ನಿನ್ನ ಒಲೆಯೂ ಇಳಿದರೆ ನಾನು ಉಳಿಯುವುದಿಲ್ಲ. ನೀನು ಒಬ್ಬಳು ಒಲ್ಲೆ ಎಂದರೆ ಧೂಮಲನ ಮಂತ್ರ ಅವನನ್ನೇ ಸುಡುತ್ತದೆ." ತನ್ನ ದಂತದಿಂದ ಒಂದು ತುಂಡು ಹಿಮ ಮುರಿದು ಕೊಟ್ಟಿತು.

ಅವಳು ಆ ತುಂಡನ್ನು ಆಸ್ಥಾನದ ಕೊಳದ ದಂಡೆಗಲ್ಲಿನ ಮೇಲಿಟ್ಟಳು. ಅದು ಕರಗಿತು. ಕೊಳ ತುಂಬಿತು, ಮೆಟ್ಟಿಲು ಮುಳುಗಿತು, ನೀರು ರಾಜನ ಪಾದ ಮುಟ್ಟಿ ನಿಂತಿತು. ಆಸ್ಥಾನಕ್ಕೆ ಸಿಡಿಲು ಬಡಿದಂತಾಯಿತು.

ಮಂತ್ರಿ ಬಾಯಿಬಿಟ್ಟ. "ನಿಜ ಕಾಣುತ್ತದೆ. ಆದರೆ ಮನೆಗಳೆಲ್ಲ ಕಟ್ಟಿಯಾಗಿದೆಯಲ್ಲ."

ಬೊಮ್ಮಕ್ಕನಿಗೆ ಕಡಲಡಿಯ ಒಲೆಗಳನ್ನು ಕಂಡಾಗಲೂ ಇಷ್ಟು ಗಾಬರಿಯಾಗಿರಲಿಲ್ಲ.

"ಕೊನೆಯ ಒಲೆ ಇಳಿಯಲಿ, ಕಡಲನ್ನು ನಾನು ತಡೆಯುತ್ತೇನೆ" ಎಂದ ಧೂಮಲ. ಹೆದರಿದವನಿಗೆ ಸುಲಭದ ಮಾತೇ ಸತ್ಯ. ರಾಜ ತಲೆಯಾಡಿಸಿದ. ಭಟರು ಅವಳ ಒಲೆಯ ಮೂರು ಕಲ್ಲುಗಳನ್ನೂ ಹೊತ್ತು ತಂದರು, ಮಲ್ಲಿದೇವನನ್ನೂ ಎಳೆದು ತಂದರು. ಅವನ ಕುತ್ತಿಗೆಯ ಮೇಲೆ ಕತ್ತಿ ಇಟ್ಟರು. ಅವನ ಕೈಯಿಂದಲೇ ಎರಡು ಕಲ್ಲು ಇಡಿಸಿದರು. ಮೂರನೆಯದು ಅವಳು ಇಡಬೇಕು.

ಆಮೇಲೆ ಧೂಮಲ ಒಂದು ಹಿಡಿ ಬೂದಿಯಾದ. ನಾಡಿನ ಕೆಂಡಗಳೆಲ್ಲ ಒಂದೇ ಗಳಿಗೆಯಲ್ಲಿ ಕಪ್ಪಾದವು, ಕತ್ತಿ ಕೈಜಾರಿ ನೀರಿಗೆ ಬಿತ್ತು. ಹಿಮದಾನೆ ಮತ್ತೆ ಗಟ್ಟಿಯಾಗಿ ನಿದ್ದೆಹೋಯಿತು. ರಾಜನೇ ಮೊದಲಾಗಿ ಎಲ್ಲರೂ ಒಲೆಗಲ್ಲು ಹೊತ್ತು ಗುಡ್ಡ ಹತ್ತಿದರು. ಮಲ್ಲಿದೇವ ಮುಪ್ಪಿನ ತನಕ ಗೆರೆಯ ಮೇಲೆಯೇ ಬೆಳ್ಳುಳ್ಳಿ ಸೀಯಿಸಿಕೊಂಡು ಸುಖವಾಗಿದ್ದ. ಅದೆಲ್ಲ ಆಮೇಲಿನ ಮಾತು, ಈಗಿನ್ನೂ ಮೂರನೆಯ ಕಲ್ಲು ಅವಳ ಮುಂದೆ ನೆಲದಲ್ಲಿತ್ತು. ಒಲ್ಲೆ ಎಂದರೆ ಕತ್ತಿ ಮೊದಲು ಬೀಳುವುದೋ ಮಂತ್ರ ಮೊದಲು ಬೀಳುವುದೋ, ಅದನ್ನು ಆನೆ ಅವಳಿಗೆ ಹೇಳಿರಲಿಲ್ಲ.

"ಇಟ್ಟುಬಿಡು ಬೊಮ್ಮಿ" ಎಂದ ಮಲ್ಲಿದೇವ. "ಎಲ್ಲರೂ ಇಟ್ಟಿದ್ದಾರೆ."

"ಅದಕ್ಕೇ ಇಡಲ್ಲ" ಎಂದಳು.

ಬಾಗಿದಳು. ಮೂರನೆಯ ಕಲ್ಲನ್ನು ನೀರಿನ ಕೊಡದ ಹಾಗೆ ಸೊಂಟಕ್ಕೇರಿಸಿಕೊಂಡು, ಹಿಂತಿರುಗಿ ನೋಡದೆ, ಗುಡ್ಡದ ಕಡೆಗೆ ನಡೆದಳು.