ಗಾಜಿನ ಒರಟು ಮುಖ

"ನನ್ನ ಮುಖ ಎಲ್ಲಿ ಹೋಯ್ತು?" ಎಂದು ಪೊ ಲೋನ್ ಕೇಳಿದ.

ಅಪ್ಪ ಕತ್ತಲೆಕೋಣೆಯ ಕೆಂಪು ದೀಪದ ಕೆಳಗೆ ಒದ್ದೆ ಫೋಟೋವನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಲೇ ಇದ್ದ. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಬೈ ತಮ್ಮನ ಹೆಗಲ ಮೇಲಿನಿಂದ ಇಣುಕಿದಳು. ಕುರ್ಚಿಯ ಬೆನ್ನಿಗೆ ಕೆತ್ತಿದ ನವಿಲಿನ ಒಂದೊಂದು ಗರಿಯೂ ಚೆನ್ನಾಗಿ ಬಂದಿತ್ತು. ಅದೇ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಪೊ ಲೋನ್‌ನ ಮುಖ ಮಾತ್ರ ಅನ್ನದ ಪಾತ್ರೆಯ ಹಬೆಯಾಚೆ ಇದ್ದ ಹಾಗೆ ಮಬ್ಬಾಗಿತ್ತು.

"ಮತ್ತೆ ಅಲ್ಲಾಡಿದ್ಯಾ?"

"ಇಲ್ಲ ಕಣೇ ಅಕ್ಕಾ. ಮೂಗಿನ ಮೇಲೆ ನೊಣ ಕೂತಿತ್ತು. ಅದನ್ನೂ ಓಡಿಸಲಿಲ್ಲ."

"ಹಾಗಾದ್ರೆ ಆ ನೊಣ ಆದ್ರೂ ಕಾಣಬೇಕಿತ್ತಲ್ಲ?"

"ಅವನು ಅಲ್ಲಾಡಿಲ್ಲ," ಎಂದ ಅಪ್ಪ. "ಅಲ್ಲಾಡಿದ್ರೆ ಎಳೆದ ಹಾಗೆ ಬರುತ್ತೆ. ಇದು ಬೇರೆ ಏನೋ."

"ಏನು?"

"ಗೊತ್ತಿಲ್ಲ ಮಗಳೇ."

ಸಬೈಗೆ ದಿಗಿಲಾಯಿತು. ಈ ಕ್ಯಾಮೆರಾ ವಿಷಯದಲ್ಲಿ 'ಗೊತ್ತಿಲ್ಲ' ಅನ್ನುವ ಮಾತನ್ನು ಅವಳು ತಾತನ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಕಳೆದ ಮಳೆಗಾಲದಲ್ಲಿ ತಾತ ತೀರಿಕೊಂಡ ಮೇಲೆ ಅಪ್ಪನ ಬಾಯಲ್ಲಿ ದಿನವೂ ಕೇಳುತ್ತಿದ್ದಳು.

ಅದು ಬೇಸಗೆ ರಜೆ. ಪಖೊಕ್ಕು ಊರಿನ ಹುಡುಗರು ಒಬ್ಬೊಬ್ಬರಾಗಿ ದೀಕ್ಷೆ ತೆಗೆದುಕೊಂಡು ರಜೆಯ ಮಟ್ಟಿಗೆ ಬೌದ್ಧ ಮಠ ಸೇರುವ ಕಾಲ. ಪೊ ಲೋನ್‌ಗೆ ನಾಡಿದ್ದು ದೀಕ್ಷೆ. ಬೆಳಿಗ್ಗೆ ರಾಜಕುಮಾರನ ಉಡುಪು, ಕಿರೀಟ, ಕುದುರೆ ಸವಾರಿ. ಆಮೇಲೆ ತಲೆ ಬೋಳಿಸಿ ಕಾವಿ. ಫೋಟೋ ತೆಗೆಯುವುದು ಕೂದಲು ತೆಗೆಯುವ ಮೊದಲು. ಒಮ್ಮೆ ಕೂದಲು ಹೋದರೆ ಆ ಫೋಟೋ ಮತ್ತೆ ಸಿಗುವುದಿಲ್ಲ.

ಸ್ಟುಡಿಯೋದ ಗೋಡೆಯ ಮೇಲೆ ಮುತ್ತಾತ ತೆಗೆದ ತಾತನ ಫೋಟೋ ಇತ್ತು. ಅದರ ಪಕ್ಕದಲ್ಲಿ ತಾತ ತೆಗೆದ ಅಪ್ಪನ ಫೋಟೋ. ಇಬ್ಬರೂ ಪುಟ್ಟ ರಾಜಕುಮಾರರು. ಎರಡನ್ನೂ ತೆಗೆದದ್ದು ಇದೇ ಕ್ಯಾಮೆರಾ. ತೇಗದ ಪೆಟ್ಟಿಗೆ, ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಚರ್ಮ, ಮುಂದೆ ಹಿತ್ತಾಳೆ ಬಳೆಯ ಲೆನ್ಸ್, ಹಿಂದೆ ಚಿತ್ರ ಮೂಡುವ ಮಸುಕು ಗಾಜು.

"ಇನ್ನೊಂದು ಸ್ಟುಡಿಯೋಗೆ ಹೋದ್ರೆ ಆಗಲ್ವಾ ಅಪ್ಪ? ಬಸ್ ಸ್ಟ್ಯಾಂಡ್ ಹತ್ರ ಇದೆಯಲ್ಲ."

"ಆಗುತ್ತೆ. ಅಜ್ಜಿಗೆ ನೀನು ಹೇಳ್ತೀಯಾ?"



* * *

ಮರುದಿನ ಬಿಸಿಲು ಏರುವ ಮೊದಲೇ ಅಪ್ಪ ಮತ್ತು ಸಬೈ ಹಳೇ ಸಾಮಾನಿನ ಸಂತೆಗೆ ಹೋದರು. ಹುಣಸೆ ಮರದ ಕೆಳಗೆ ಸೇನ್ ಮ್ಯಾ ದೊಡ್ಡಮ್ಮನ ಗುಜರಿ ರಾಶಿ. ಹೊರದೇಶದ ಸಾಮಾನು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಊರಿನಲ್ಲಿ ಏನು ಕೆಟ್ಟರೂ ಜನ ಬರುವುದು ಅವಳ ಹತ್ತಿರವೇ.

"ಬಾರಪ್ಪ ಓನ್ ಪೆ. ಇವತ್ತು ನಿನ್ನ ಪೆಟ್ಟಿಗೆಗೆ ಏನು ಕಾಯಿಲೆ?"

"ಮುಖ ಮಬ್ಬಾಗಿ ಬರ್ತಿದೆ ಅಕ್ಕ."

"ಬರಲಿ ಬಿಡು. ನನ್ನ ವಯಸ್ಸಿನವರ ಮುಖ ಹಾಗೇ ಬಂದ್ರೆ ಚೆಂದ."

ಸಬೈಗೆ ನಗು ಬಂತು. ಅಪ್ಪ ನಗಲಿಲ್ಲ. ಲೆನ್ಸ್ ಹಲಗೆಯ ಸ್ಕ್ರೂ ಸಡಿಲವಾಗಿದೆ ಎಂದ. ದೊಡ್ಡಮ್ಮ ಡಬ್ಬಿಯೊಳಗೆ ಕೈ ಹಾಕಿ ಕಲಕಿ ಹೊಲಿಗೆ ಮೆಷಿನ್ನಿನ ಸ್ಕ್ರೂ ಒಂದನ್ನು ತೆಗೆದಳು. ತಿದಿಯ ಮಡಿಕೆಯಲ್ಲಿ ತೂತು ಇರಬಹುದು ಎಂದ. ಯಾರದೋ ಹಳೇ ಚೀಲದ ತೆಳು ಚರ್ಮ ಕೊಟ್ಟಳು. ಲೆನ್ಸ್ ಕೇಳಿದಾಗ ಮಾತ್ರ ತಲೆಯಾಡಿಸಿದಳು.

"ಜೀಪಿನ ಲೈಟ್ ಇದೆ, ಹಡಗಿನ ದುರ್ಬೀನು ಇದೆ. ನಿನ್ನ ಕ್ಯಾಮೆರಾಕ್ಕೆ ಕಣ್ಣೇ ಬೇಕು ಅಂದ್ರೆ ನನ್ನ ಕನ್ನಡಕ ತಗೊಂಡು ಹೋಗು. ಆಮೇಲೆ ನಂಗೂ ಎಲ್ಲರೂ ಮಬ್ಬು."

ಮನೆಗೆ ಬಂದು ಅಪ್ಪ ಸ್ಕ್ರೂ ಬಿಗಿದ. ಸಬೈ ಅಂಟು ಕಲಸಿದಳು. ತೂತು ಇದ್ದ ಕಡೆಯೂ ಇಲ್ಲದ ಕಡೆಯೂ ಚರ್ಮದ ತೇಪೆ ಹಾಕಿದರು. ಲೆನ್ಸನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದರು. ಪೊ ಲೋನ್ ಕುರ್ಚಿಯಲ್ಲಿ ಬೊಂಬೆಯ ಹಾಗೆ ಕೂತ. ಅಪ್ಪ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, "ಕಣ್ಣಿನ ರೆಪ್ಪೆ ಕೂಡ ಕಾಣ್ತಿದೆ," ಎಂದ.

ಫೋಟೋ ತೊಳೆದಾಗ ಮತ್ತೆ ನವಿಲೇ ಚೆನ್ನಾಗಿ ಬಂದಿತ್ತು.

ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ಇಟ್ಟುಕೊಂಡದ್ದರಲ್ಲಿ ಈಗ ಒಂದೇ ಹಾಳೆ ಉಳಿಯಿತು. ಅದು ನಾಳೆಗೆ. ಇನ್ನು ಪರೀಕ್ಷೆ ಮಾಡಿ ನೋಡುವಂತಿಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತ. "ಗಾಜಿನಲ್ಲಿ ಸರಿಯಾಗಿ ಕಾಣುತ್ತೆ. ಫಿಲ್ಮಲ್ಲಿ ಬರಲ್ಲ," ಎಂದ. ಸಬೈಗಲ್ಲ, ಎದುರಿನ ರಸ್ತೆಗೆ ಹೇಳಿದ ಹಾಗಿತ್ತು. "ಕ್ಯಾಮೆರಾದಲ್ಲಿ ಏನೂ ಇಲ್ಲ. ಅಪ್ಪನ ಕೈ ನನಗೆ ಬರಲಿಲ್ಲ, ಅಷ್ಟೇ."

ಕೈ ಸರಿಯಿಲ್ಲದಿದ್ದರೆ ನವಿಲು ಹೇಗೆ ಅಷ್ಟು ಚೆನ್ನಾಗಿ ಬರುತ್ತದೆ? ಕೈ ಸರಿಯಿದ್ದರೆ ಮುಖ ಯಾಕೆ ಬರುವುದಿಲ್ಲ? ಸಬೈಯ ತಲೆಯೂ ಮಬ್ಬಾಯಿತು.

ಅವಳು ಒಳಗೆ ಹೋಗಿ ಸ್ಟೂಲ್ ಹತ್ತಿ ಕಪ್ಪು ಬಟ್ಟೆಯೊಳಗೆ ತೂರಿಕೊಂಡಳು. ತಾತ ಇದ್ದಾಗ ದಿನಾ ತೂರುತ್ತಿದ್ದಳು. ಮಸುಕು ಗಾಜಿನಲ್ಲಿ ಎದುರಿನ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತದೆ. ಕುರ್ಚಿ ಮೇಲಿನಿಂದ ಜೋತುಬಿದ್ದಿತ್ತು. ಪೊ ಲೋನ್ ಅದರಲ್ಲಿ ತಲೆಕೆಳಗಾಗಿ ಕೂತು ಹುಣಸೆ ಮಿಠಾಯಿ ಚೀಪುತ್ತಿದ್ದ. ಇನ್ನೂ ಹತ್ತಿರದಿಂದ ನೋಡಲು ಹೋಗಿ ಅವಳ ಕೆನ್ನೆ ಗಾಜಿಗೆ ತಗುಲಿತು. ಕೆನ್ನೆಗೆ ಬಳಿದಿದ್ದ ತನಖಾ ಗಾಜಿಗೆ ಮೆತ್ತಿಕೊಂಡಿತು.

ತನಖಾ ಎಂದರೆ ಮರದ ತೊಗಟೆಯನ್ನು ಕಲ್ಲಿನ ಮೇಲೆ ತೇದು ಮಾಡಿದ ಗಂಧ. ಮೊದಲೂ ಹೀಗೆ ಎಷ್ಟೋ ಸಲ ಮೆತ್ತಿತ್ತು. "ಕ್ಯಾಮೆರಾಕ್ಕೂ ಅಲಂಕಾರ ಆಯ್ತಾ?" ಎಂದು ತಾತ ಲುಂಗಿಯ ಅಂಚಿನಿಂದ ಒಂದು ಸಲ ಒರೆಸಿದರೆ ಹೋಗುತ್ತಿತ್ತು.

ಸಬೈ ಒರೆಸಿದಳು. ಹೋಗಲಿಲ್ಲ. ಬೆರಳಿಗೆ ಉಗುಳು ಹಚ್ಚಿಕೊಂಡು ಉಜ್ಜಿದಳು. ಗಂಧ ಗಾಜಿನೊಳಕ್ಕೇ ಕೂತ ಹಾಗೆ ಇನ್ನೂ ಹರಡಿತು. ಉಗುರಿನಿಂದ ಕೆರೆದಾಗ ಗಾಜು ಕಿರ್ರೆಂದಿತು.

ತಾತನ ಗಾಜು ಈ ಕಡೆಯಿಂದ ನುಣ್ಣಗಿತ್ತು. ಇದು ಒರಟು.

ಅವಳು ಹಾಗೇ ಬಟ್ಟೆಯೊಳಗೆ ನಿಂತಳು. ತಾತನ ಗಾಜು ಈಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತಾತನ ಏಳನೇ ದಿನ ಭಿಕ್ಷುಗಳಿಗೆ ಊಟಕ್ಕೆ ಜಾಗ ಮಾಡುವಾಗ ಕ್ಯಾಮೆರಾ ಉರುಳಿ ಅದು ಒಡೆದಿತ್ತು. ಹೊಸದನ್ನು ಅಜ್ಜಿಯೇ ಮಾಡಿದ್ದಳು. ಚಿತ್ರದ ಚೌಕಟ್ಟಿನಿಂದ ಒಂದು ಗಾಜು ಬಿಚ್ಚಿ, ಅದರ ಮೇಲೆ ಎಂಜಿನ್ ಉಜ್ಜುವ ಸಣ್ಣ ಪುಡಿ ಮತ್ತು ನೀರು ಹಾಕಿ, ಇನ್ನೊಂದು ಗಾಜಿನ ಚೂರಿನಿಂದ ತನಖಾ ತೇಯುವ ಹಾಗೆಯೇ ಸುತ್ತ ಸುತ್ತ ತೇದಿದ್ದಳು. ತೇಯುವಷ್ಟು ಹೊತ್ತೂ ತುಟಿಯಲ್ಲಿ ಪ್ರಾರ್ಥನೆ. ಒಂದು ಮುಖ ಮಂಜಿನ ಹಾಗೆ ಮಸುಕಾದ ಮೇಲೆ, ಅದರ ಮೂಲೆಯಲ್ಲಿ ಪೆನ್ಸಿಲಿನಿಂದ 'ಅರಹಂ' ಎಂದು ಬುದ್ಧ ದೇವರ ಹೆಸರು ಬರೆದಿದ್ದಳು. ನುಣುಪು ಮುಖದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ದೇವರ ಹೆಸರನ್ನು ಕತ್ತಲೆ ಪೆಟ್ಟಿಗೆಯೊಳಕ್ಕೆ ತಿರುಗಿಸಿ ಮುಚ್ಚುವುದುಂಟೇ? ಅಪ್ಪ ಅಕ್ಷರ ಈಚೆಗೆ ನೆಟ್ಟಗೆ ಕಾಣುವಂತೆ ಗಾಜು ಕೂರಿಸಿದ್ದ. ಎಲ್ಲರೂ ಕೈ ಮುಗಿದಿದ್ದರು.

"ಅಪ್ಪ, ಇಲ್ಲಿ ಬಾ. ಗಾಜು ಮುಟ್ಟಿ ನೋಡು."

ಅಪ್ಪ ಮುಟ್ಟಿದ. ಉಗುರಿನಿಂದ ಕೆರೆದ. ಆಮೇಲೆ ಬೆಂಕಿಕಡ್ಡಿಯೊಂದನ್ನು ಗಾಜಿನ ಅಂಚಿಗೆ ಹಿಡಿದು ಅದರ ದಪ್ಪ ನೋಡಿದ.

"ಚಿತ್ರ ಕೂರೋದು ಒರಟು ಮುಖದ ಮೇಲೆ," ಎಂದು ಮೆಲ್ಲಗೆ ಹೇಳಿದ. "ಫಿಲ್ಮ್ ಕೂರೋ ಜಾಗದಲ್ಲೇ ಆ ಮುಖ ಇರಬೇಕು. ಇದು ಗಾಜಿನ ದಪ್ಪದಷ್ಟು ಹಿಂದೆ ಇದೆ. ನಾನು ಪೊ ಲೋನ್ ಮುಖಕ್ಕೆ ಸರಿಮಾಡ್ತಿದ್ದೆ. ಫಿಲ್ಮ್ ಅವನ ಹಿಂದಿನ ನವಿಲನ್ನ ನೋಡ್ತಿತ್ತು."

"ಹಾಗಾದ್ರೆ ತಿರುಗಿಸಿಬಿಡೋಣ."

ಅಪ್ಪ ಕೈ ಚಾಚಿದ. 'ಅರಹಂ' ಎಂಬ ಅಕ್ಷರಗಳ ಹತ್ತಿರ ಬೆರಳು ನಿಂತಿತು. ಕೈ ಹಿಂದಕ್ಕೆ ಬಂತು.

"ಅಮ್ಮ ಬರೆದದ್ದು," ಎಂದ. "ತಿರುಗಿಸಿದ್ರೆ ಹೆಸರು ಒಳಗಡೆ, ಕತ್ತಲಿಗೆ ಹೋಗುತ್ತೆ. ಅದೂ ತಿರುವುಮುರುವಾಗಿ. ಅಳಿಸು ಅಂತ ನಾನು ಅವಳಿಗೆ ಹೇಗೆ ಹೇಳಲಿ?"

ಸಬೈಗೂ ಗೊಂದಲವಾಯಿತು. ದೇವರ ಹೆಸರಿನಿಂದ ತಪ್ಪಾಗುತ್ತದೆಯೇ? ಹಾಗೆ ಯೋಚಿಸುವುದೇ ಪಾಪವಲ್ಲವೇ? ಆದರೆ ನಾಳೆ ಬೆಳಿಗ್ಗೆ ಪೊ ಲೋನ್‌ನ ಮುಖ ಹಬೆಯ ಹಿಂದೆ ಹೋಗಿಬಿಡುತ್ತದೆ.

* * *

ಅಜ್ಜಿ ದೇವರ ಮುಂದಿನ ಹೂ ಬದಲಿಸುತ್ತಿದ್ದಳು. ಸಬೈ ಮೊಣಕಾಲೂರಿ ಪಕ್ಕದಲ್ಲಿ ಕೂತಳು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಅಜ್ಜಿಯ ಕೈಯಲ್ಲಿದ್ದ ಮಲ್ಲಿಗೆ ಅಲ್ಲೇ ನಿಂತಿತು.

"ನಾನು ತೇದದ್ದು ಸರಿಯಿಲ್ವಾ?"

"ತೇದದ್ದು ಸರಿಯಿದೆ ಅಜ್ಜಿ. ಕೂರಿಸಿದ್ದು ಸರಿಯಿಲ್ಲ."

"ಹೂಂ." ಅಜ್ಜಿ ಹೂವನ್ನು ಇಟ್ಟು, ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ, ಸಬೈಯ ಭುಜ ಹಿಡಿದು ಎದ್ದಳು.

ಸ್ಟುಡಿಯೋಗೆ ಬಂದು ಕಪ್ಪು ಬಟ್ಟೆಯನ್ನು ಎತ್ತಿ, "ಇದರೊಳಗೆ ನಾನು ಒಂದು ದಿನವೂ ನೋಡಿಲ್ಲ. ಅದು ಅವರ ಜಾಗ ಅಂತ ಬಿಟ್ಟಿದ್ದೆ," ಎಂದಳು. ತಲೆ ಒಳಗೆ ಹೋಯಿತು.

ಬಹಳ ಹೊತ್ತು ಬಟ್ಟೆ ಅಲ್ಲಾಡಲಿಲ್ಲ.

"ಅಜ್ಜಿ, ನಾನು ಹೇಗೆ ಕಾಣ್ತೀನಿ?" ಎಂದು ಪೊ ಲೋನ್ ಕುರ್ಚಿಯಿಂದಲೇ ಕೂಗಿದ.

"ಬಾವಲಿ ಹಾಗೆ. ಮಿಠಾಯಿ ತಿನ್ನೋ ಬಾವಲಿ," ಎಂದಿತು ಬಟ್ಟೆಯೊಳಗಿನ ದನಿ.

ಅಜ್ಜಿ ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಓನ್ ಪೆ, ಇಷ್ಟು ವರ್ಷ ನಿಮ್ಮಪ್ಪ ಎಲ್ಲರನ್ನೂ ತಲೆಕೆಳಗಾಗಿ ನೋಡ್ತಿದ್ರಾ? ಸ್ವಾಮಿಗಳನ್ನೂ?"

"ಹೌದಮ್ಮ. ಈ ಪೆಟ್ಟಿಗೆಯಲ್ಲಿ ಎಲ್ಲರೂ ಹಾಗೇ."

"ನಂಗೆ ಒಂದು ಮಾತೂ ಹೇಳಲಿಲ್ಲ, ನೋಡು." ಅಜ್ಜಿ ಹೆಗಲ ಮೇಲಿನ ಪ್ರಾರ್ಥನೆಯ ವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಸ್ಕ್ರೂ ಬಿಚ್ಚು."

ಅಪ್ಪ ಬಿಚ್ಚಿದ. ಗಾಜನ್ನು ಅಜ್ಜಿಯೇ ಎರಡೂ ಕೈಯಲ್ಲಿ ತೆಗೆದಳು. ಅಕ್ಷರಗಳನ್ನು ಹಣೆಗೆ ಒತ್ತಿಕೊಂಡಳು. ಅಳಿಸಲಿಲ್ಲ. ಗಾಜನ್ನು ಮೆಲ್ಲಗೆ ತಿರುಗಿಸಿ, ಒರಟು ಮುಖ ಒಳಗೆ ಮಾಡಿ ಕೂರಿಸಿದಳು.

"ಕತ್ತಲಿಗೆ ಹೋಯ್ತಲ್ಲ ಅಜ್ಜಿ," ಎಂದಳು ಸಬೈ ಪಿಸುಮಾತಿನಲ್ಲಿ.

"ಅದರ ಎದುರಿಗೆ ಯಾರಿದ್ದಾನೆ ನೋಡು."

ಸಬೈ ಲೆನ್ಸಿನ ಕಡೆ ನೋಡಿದಳು. ಅದರ ನೇರಕ್ಕೆ ಪೊ ಲೋನ್ ಕೂತು ಬೆರಳು ನೆಕ್ಕುತ್ತಿದ್ದ.

"ಹೆಸರು ನಮ್ಮ ಕಡೆಗೇ ಯಾಕೆ ಇರಬೇಕು?" ಎಂದು ಅಜ್ಜಿ ಕೈ ಕೊಡವಿದಳು. "ಮಗೂ ಕಡೆಗೆ ಇರಲಿ."

* * *

ಮರುದಿನ ಬೆಳಿಗ್ಗೆ ಕಿರೀಟ, ಮಣಿ, ರೇಷ್ಮೆ ಎಲ್ಲ ಹೊತ್ತ ಪೊ ಲೋನ್ ಕುರ್ಚಿಯ ಅಂಚಿನಲ್ಲಿ ಕೂತ. ಅಪ್ಪ ಉಳಿದ ಒಂದೇ ಹಾಳೆಯನ್ನು ಹಿಂದೆ ಸೇರಿಸಿದ. ಲೆನ್ಸಿನ ಮುಚ್ಚಳ ತೆಗೆದು, ತುಟಿಯಲ್ಲೇ ಎಣಿಸಿ, ಮತ್ತೆ ಹಾಕಿದ.

ಆಮೇಲೆ ಕುದುರೆ, ಮೇಲೊಂದು ಬಂಗಾರ ಬಣ್ಣದ ಕೊಡೆ, ಡೋಲು. ಮಠದಲ್ಲಿ ಅಮ್ಮ ಮತ್ತು ಸಬೈ ಬಿಳಿ ಬಟ್ಟೆಯ ತುದಿ ಹಿಡಿದು ನಿಂತರು. ಪೊ ಲೋನ್‌ನ ಕೂದಲು ಅದರಲ್ಲಿ ಬಿತ್ತು. ಅಷ್ಟೊಂದು ಕೂದಲು ಅವನ ತಲೆಯಲ್ಲಿ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸಂಜೆ ಕೆಂಪು ದೀಪದ ಕೆಳಗೆ ತಟ್ಟೆಯ ನೀರಿನಲ್ಲಿ ಫಿಲ್ಮಿನಿಂದ ಅಚ್ಚು ಹಾಕಿದ ಬಿಳಿ ಕಾಗದ ಅಲುಗುತ್ತಿತ್ತು. ಮೊದಲು ಕಿರೀಟದ ಕಪ್ಪು ಅಂಚು ಬಂತು. ಆಮೇಲೆ ಹುಬ್ಬು. ಆಮೇಲೆ ಕಣ್ಣು, ರೆಪ್ಪೆ, ಬಿದ್ದ ಹಲ್ಲಿನ ಸಂದಿ, ತುಟಿಯ ಮೂಲೆಗೆ ಅಂಟಿದ್ದ ಮಿಠಾಯಿಯ ಸಕ್ಕರೆ. ಹಿಂದಿನ ನವಿಲು ಮಬ್ಬಾಗಿತ್ತು.

ಅಪ್ಪ ಒದ್ದೆ ಕೈಯನ್ನು ಸಬೈಯ ತಲೆಯ ಮೇಲಿಟ್ಟ. ನೀರು ಅವಳ ಕುತ್ತಿಗೆಗೆ ಇಳಿಯಿತು. ಅವಳು ಅಲ್ಲಾಡಲಿಲ್ಲ.

ಮಾರನೇ ಬೆಳಿಗ್ಗೆ ಅಜ್ಜಿ ಅವಳನ್ನು ಬೇಗ ಎಬ್ಬಿಸಿದಳು. ಭಿಕ್ಷುಗಳು ಸಾಲಾಗಿ ಬೀದಿಗೆ ಬರುತ್ತಿದ್ದರು. ಸಾಲಿನ ಕೊನೆಯಲ್ಲಿ ಎಲ್ಲರಿಗಿಂತ ಪುಟ್ಟವನು. ಬೋಳು ತಲೆ, ಕಾಲಿಗೆ ತೊಡರುವ ಕಾವಿ, ಎದೆಯಷ್ಟು ದೊಡ್ಡ ಭಿಕ್ಷಾಪಾತ್ರೆ.

"ಪೊ ಲೋ..." ಎಂದಳು ಸಬೈ. ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

"ಈಗ ಹಾಗೆ ಕರೀಬಾರದು. ಮುಟ್ಟಬಾರದು. ಸ್ವಾಮಿಗಳು ಅನ್ನಬೇಕು."

ಸಬೈ ಬಿಸಿ ಅನ್ನವನ್ನು ಪಾತ್ರೆಗೆ ಹಾಕಿದಳು. ಪುಟ್ಟ ಸ್ವಾಮಿಗಳು ತಲೆ ಎತ್ತಲಿಲ್ಲ. ಪಾತ್ರೆಯ ಬಾಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮುಂದಿನ ಮನೆಗೆ ನಡೆದರು. ಅಜ್ಜಿ ಬೀದಿಯ ಧೂಳಿನಲ್ಲಿ ಮೊಣಕಾಲೂರಿ ಆ ಪುಟ್ಟ ಬೆನ್ನಿಗೆ ನಮಸ್ಕಾರ ಮಾಡಿದಳು. ಸಬೈಯೂ ಮಾಡಿದಳು.

ಒಳಗೆ ಬಂದು ಅಜ್ಜಿ ಫೋಟೋ ತೂಗುಹಾಕಲು ಮೊಳೆ ಹುಡುಕತೊಡಗಿದಳು. ಸಬೈ ಮೇಜಿನ ಮೇಲಿದ್ದ ಫೋಟೋವನ್ನು ಎತ್ತಿಕೊಂಡಳು. ತುಟಿಯ ಮೂಲೆಯಲ್ಲಿ ಸಕ್ಕರೆ ಅಂಟಿಸಿಕೊಂಡ ಹುಡುಗ ನೇರ ಅವಳನ್ನೇ ನೋಡುತ್ತಿದ್ದ. ಮೂಗಿನ ಮೇಲಿನ ನೊಣದ ಮಾತು ಹೇಳಿದ್ದವನು. ಅಕ್ಕಾ ಎಂದು ಕರೆದಿದ್ದವನು.

"ಕೊಡು ಮಗಳೇ, ಮೊಳೆ ಸಿಕ್ಕಿತು," ಎಂದಳು ಅಜ್ಜಿ.

"ಇನ್ನೂ ಸ್ವಲ್ಪ ಹೊತ್ತು ನನ್ನ ಹತ್ರ ಇರಲಿ ಅಜ್ಜಿ."

ಅಜ್ಜಿ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಗೋಡೆಯ ಮೇಲಿನ ತಾತನ ಫೋಟೋದ ಕೆಳಗೆ, ಅವಳ ಪಕ್ಕದಲ್ಲಿ ಬಂದು ಕೂತಳು.