ಎಡಗಡೆಯ ಹಿಂದಿನ ಗಾಲಿ

ಆ ಕೆಂಪು ಕಾರು ಮೊದಲ ಸಲ ಗ್ಯಾರೇಜಿನ ಮುಂದೆ ಬಂದು ನಿಂತಾಗ ಹುಲ್ಲಪ್ಪ ಒಂದೇ ನೋಟಕ್ಕೆ ತೀರ್ಪು ಕೊಟ್ಟುಬಿಟ್ಟ.

"ಪಾಟಾ ಮುರದೈತ್ರಿ. ಇಲ್ಲೀತನಕ ಹೆಂಗ ತಂದ್ರಿ ಇದನ್ನ?"

ಇಳಕಲ್ಲಿನ ಗಣಿ ಲಾರಿಗಳ ಕಮಾನ್ ಪಾಟಾಗಳನ್ನು, ಭಾರ ಹೊರುವ ಆ ಬಾಗಿದ ಉಕ್ಕಿನ ಸ್ಪ್ರಿಂಗುಗಳನ್ನು, ಕಾಯಿಸಿ, ಬಡಿದು, ಬಾಗು ತಿದ್ದುವುದರಲ್ಲಿ ಅವನನ್ನು ಮೀರಿಸುವವರು ಹುನಗುಂದ ತಾಲೂಕಿನಲ್ಲೇ ಇರಲಿಲ್ಲ. ಹತ್ತು ಟನ್ ಕಲ್ಲು ಹೊರುವ ಉಕ್ಕನ್ನೇ ದಿನವೂ ನೋಡುವ ಕಣ್ಣಿಗೆ, ನೆಲದಿಂದ ಒಂದು ಗೇಣೂ ಮೇಲಿರದ ಈ ಕಾರು ಸೊಂಟ ಮುರಿದುಕೊಂಡು ಕೂತಂತೆ ಕಂಡಿತು. ಹಿಂದಿನ ಎರಡೂ ಗಾಲಿಗಳ ತಲೆ ಒಳಕ್ಕೆ ವಾಲಿತ್ತು.

ಕಾರಿನ ಯಜಮಾನ ಗುರುರಾಜನಿಗೆ ಮುಖಭಂಗವಾಯಿತು. ಅವನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಮಾಸ್ತರ.

"ಮುರದಿಲ್ಲಪಾ. ಇದು ಸ್ಪೋರ್ಟ್ಸ್ ಕಾರು. ನಮ್ಮ ಮುಂಬೈ ಮಾಮಾ ರೇಸಿಗಂತ ಬೇಕಂತನ ಕೆಳಗ ಇಳಿಸ್ಯಾರ. ಪರದೇಶಕ್ಕ ಹೋಗೂ ಮುಂದ ನನಗ ಕೊಟ್ಟು ಹೋದ್ರು."

ಪಕ್ಕದ ಸೀಟಿನಿಂದ ಕಿಸಕ್ಕನೆ ನಗು ಬಂತು. "ನಾ ಹೇಳಿರಲಿಲ್ಲೇನು ಅಣ್ಣಾ? ನೋಡಿದವರೆಲ್ಲಾ ಅಯ್ಯೋ ಪಾಪ ಅಂತಾರಂತ."

ನಕ್ಕವಳು ಗುರುರಾಜನ ತಂಗಿ ಸುಲಭಾ. ಇಪ್ಪತ್ತಾರು ವರ್ಷದ ಹೈಸ್ಕೂಲ್ ಟೀಚರು. ಗುರುವಾರ ಅವಳಿಗೆ ಮಧ್ಯಾಹ್ನವೇ ಶಾಲೆ ಮುಗಿಯುತ್ತಿತ್ತು. ಇಳಕಲ್ಲಿನ ಸೀರೆ ನೋಡೋಣವೆಂದು ಅಣ್ಣನ ಜೊತೆ ಹೊರಟುಬಂದಿದ್ದಳು. ನಗುವಾಗ ಅವಳು ಸೆರಗಿನ ತುದಿಯನ್ನು ಬಾಯಿಗೆ ಹಿಡಿದಳು, ಕಣ್ಣುಗಳನ್ನು ಮಾತ್ರ ಮುಚ್ಚಿಕೊಳ್ಳಲಿಲ್ಲ. ಆ ಕಣ್ಣು ನೇರವಾಗಿ ಹುಲ್ಲಪ್ಪನ ಮೇಲಿತ್ತು. ಅವನಿಗೆ ತನ್ನ ಕೈಯ ಗ್ರೀಸನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದಾಯಿತು.

ಗುರುರಾಜನ ಸಂಕಟ ಟೈರಿನದು. ಗಾಲಿ ವಾಲಿದ್ದರಿಂದ ಹಿಂದಿನ ಟೈರುಗಳ ಒಳಅಂಚು ಎರಡೇ ತಿಂಗಳಲ್ಲಿ ಸವೆದು ಒಳಗಿನ ಎಳೆ ಕಾಣುತ್ತಿತ್ತು. "ಗಾಲಿಯ ವಾಲು, ಕ್ಯಾಂಬರ್ ಅಂತಾರಲ್ಲ, ಅದನ್ನ ಸರಿ ಮಾಡಬೇಕು, ಆದರ ಕಾರು ಭಾಳ ಎತ್ತರ ಆಗಬಾರದು," ಎಂದ.

ಹುಲ್ಲಪ್ಪ ಗಾಲಿಯ ಪಕ್ಕಕ್ಕೆ ತೂಗುಗುಂಡಿನ ದಾರ ಇಳಿಬಿಟ್ಟು ಅಳೆದ. ಗಾಲಿಯ ತಲೆ ಪೂರ್ತಿ ಒಂದಿಂಚು, ಅಂದರೆ ಗ್ಯಾರೇಜಿನ ಲೆಕ್ಕದಲ್ಲಿ ಎಂಟು ನೂಲು ಒಳಗಿತ್ತು.

"ಎರಡು ನೂಲಿಗೆ ತಂದು ನಿಲ್ಲಿಸ್ತೇನ್ರಿ. ಒಳಗ ವಾಲಿದ್ರ ಟೈರ್ ಸವೀತೈತಿ ಅಷ್ಟ, ಜೀವಕ್ಕೇನೂ ಆಗಂಗಿಲ್ಲ. ನೆಟ್ಟಗಿನ ಗೆರಿ ಮೀರಿ ಹೊರಗ ವಾಲಿದ್ರ ಮಾತ್ರ ಕೆಟ್ಟದ್ದು. ತಿರುವಿನ್ಯಾಗ ಕಾರಿನ ಹಿಂದಿನ ಭಾಗ ಬೀಸಿ ಒಗೀತೈತಿ. ಪಾಟಾದ ಬಾಗು ತಿದ್ದಿದ್ರ ಗಾಲಿ ನೆಟ್ಟಗಾಗತೈತಿ, ಆದ್ರ ಒಮ್ಮೆಗೇ ಬಡದ್ರ ಉಕ್ಕು ಕೇಳಂಗಿಲ್ಲ, ವಾರಕ್ಕ ಒಂದಿಷ್ಟು ಮಾಡೂಣು. ಮತ್ತ ಕೂಡೂವರ ಭಾರ ಮ್ಯಾಲಿದ್ದಾಗ ಅಳೀಬೇಕ್ರಿ. ಇಬ್ಬರೂ ಬರಬೇಕಾಗತೈತಿ."

ಉಕ್ಕಿನ ಮಾತು ಅರ್ಧ ಖರೆ. ಉಳಿದರ್ಧ ಆ ಕಣ್ಣುಗಳನ್ನು ನೋಡಿದ ಮೇಲೆ ಹುಟ್ಟಿದ್ದು.

ಗುರುರಾಜನಿಗೆ ಗುರುವಾರ ಮಧ್ಯಾಹ್ನ ಇಳಕಲ್ಲಿನ ಕಲ್ಲು ಪಾಲಿಶ್ ಫ್ಯಾಕ್ಟರಿಯೊಂದರ ಲೆಕ್ಕ ನೋಡುವ ಕೆಲಸವಿರುತ್ತಿತ್ತು. ಹಾಗಾಗಿ ಅವನನ್ನು ಫ್ಯಾಕ್ಟರಿಯ ತಕ್ಕಡಿಯಲ್ಲಿ ತೂಗಿ, ಅವನಷ್ಟೇ ಭಾರದ ಕಲ್ಲುಗಳನ್ನು ಡ್ರೈವರ್ ಸೀಟಿನಲ್ಲಿ ಪೇರಿಸಿದ್ದಾಯಿತು. ಪಕ್ಕದಲ್ಲಿ ಸುಲಭಾ ಕೂತಳು. ಹಿಂದೆ, ಎಡಗಾಲಿಯ ಬಳಿ ಗೋಣಿತಟ್ಟು ಹಾಸಿಕೊಂಡು ಹುಲ್ಲಪ್ಪ ಮಲಗಿದ.

"ಅಲುಗಾಡಬ್ಯಾಡ್ರಿ ಬಾಯಾರ, ದಾರ ಸರೀತೈತಿ."

"ಉಸಿರರ ಆಡಬಹುದೋ ಇಲ್ಲೋ?"

"ಸಣ್ಣಂಗ ಆಡ್ರಿ."

ಅವಳು ಅಣ್ಣನ ಟೊಪ್ಪಿಗೆಯನ್ನು ಕಲ್ಲಿನ ರಾಶಿಯ ಮೇಲಿಟ್ಟಳು. "ಅಣ್ಣ ಇವತ್ತ ಭಾಳ ಶಾಣ್ಯಾ ಆಗ್ಯಾನ. ಒಂದು ಮಾತಿಲ್ಲ, ಬೈಗುಳಿಲ್ಲ."

ಕಾರಿನಡಿಯಿಂದ ಹುಲ್ಲಪ್ಪ ನಕ್ಕ. ಗುರುರಾಜ ಅವನನ್ನು ನೀ ಎನ್ನುತ್ತಿದ್ದ, ಊರೆಲ್ಲ ಹಾಗೇ ಎನ್ನುತ್ತಿತ್ತು. ಸುಲಭಾ ಮಾತ್ರ ನೀವು ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಯಾವ ಹೆಂಗಸೂ ಅವನಿಗೆ ಹಾಗೆ ಅಂದಿರಲಿಲ್ಲ.

ಮೂರನೆಯ ಗುರುವಾರ ಅವಳು ಕುಲುಮೆ ನೋಡಬೇಕೆಂದು ಹಟ ಹಿಡಿದಳು. ಕಾದ ಉಕ್ಕಿನ ಬಣ್ಣ ಬಿಸಿಲಲ್ಲಿ ತಿಳಿಯುವುದಿಲ್ಲ, ಅದಕ್ಕೆಂದೇ ಅವನ ಕುಲುಮೆ ಗ್ಯಾರೇಜಿನ ಕತ್ತಲೆ ಮೂಲೆಯಲ್ಲಿತ್ತು.

"ಯಾವಾಗ ತೆಗೀಬೇಕಂತ ಹೆಂಗ ಗೊತ್ತಾಗ್ತದ?"

"ನೋಡ್ತಿರಬೇಕ್ರಿ. ಕಣ್ಣು ಆ ಕಡೆ ಈ ಕಡೆ ಹೋತಂದ್ರ ಕೆಟ್ಟು ಹೋಗತೈತಿ."

"ಹಂಗಾರ ಅದನ್ನ ನೋಡ್ರಿ. ನನ್ನ ಯಾಕ ನೋಡ್ಲಿಕತ್ತೀರಿ?"

ಕೆಂಡದ ಬೆಳಕು ಅವಳ ಗಲ್ಲದ ಮೇಲೆ ಬಿದ್ದಿತ್ತು. ಆ ದಿನದ ಉಕ್ಕು ನಿಜಕ್ಕೂ ಕೆಟ್ಟಿತು, ಮತ್ತೆ ಮೊದಲಿಂದ ಕಾಯಿಸಬೇಕಾಯಿತು.

ಇದು ಎಲ್ಲಿಗೂ ಹೋಗುವ ದಾರಿಯಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನು ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆತನ. ಅವಳದು ಮಡಿ, ಪೂಜೆ, ಪಂಚಾಂಗದ ಮನೆ. ಅದೂ ಸಾಲದೆಂಬಂತೆ ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ರಂಗವ್ವ, ತನ್ನ ಮಗಳು ಸಾವಂತ್ರವ್ವ ಹುಟ್ಟಿದ ದಿನವೇ ಕೂಸನ್ನು ಅವನ ತೊಡೆಯ ಮೇಲೆ ಹಾಕಿ "ತಗೋ ನಿನ್ನ ಹೆಂಡ್ತೀನ" ಎಂದಿದ್ದಳು. ಆ ಕೂಸಿಗೆ ಈಗ ಹತ್ತೊಂಬತ್ತು. ದೀಪಾವಳಿ ಕಳೆದ ಮೇಲೆ ಲಗ್ನ. ಎಲ್ಲ ಗೊತ್ತಿದ್ದೂ ಬುಧವಾರ ಬಂತೆಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆರನೆಯ ಗುರುವಾರ ಕೆಲಸ ಮುಗಿಯಬೇಕಿತ್ತು. ಬಲಗಾಲಿ ಸರಿಯಾಗಿ ಎರಡು ನೂಲು ಒಳಗೆ ನಿಂತಿತು. ಎಡಗಾಲಿಯ ಕಡೆ, ಪಾಟಾದ ತುದಿಗೆ ಹಾಕಿದ ತಗಡಿನ ಪಟ್ಟಿಗಳು ಹೆಚ್ಚಾಗಿ, ಗಾಲಿಯ ತಲೆ ನೆಟ್ಟಗಿನ ಗೆರೆಯನ್ನು ದಾಟಿ ಒಂದು ನೂಲು ಹೊರಕ್ಕೆ ಬಂದಿತ್ತು. ಹುಲ್ಲಪ್ಪ ಅದನ್ನು ಕಂಡ. ಪಟ್ಟಿ ತೆಗೆಯಲು ಕಾಲು ಗಂಟೆಯೂ ಬೇಡ.

"ಮುಗೀತೇನ್ರಿ?" ಎಂದಳು ಸುಲಭಾ ಮೇಲಿನಿಂದ. ಆ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

"ಇಲ್ಲರಿ," ಎಂದ. "ಇನ್ನೊಂದು ವಾರ ಬರಬೇಕಾಗತೈತಿ."

ಮುಂದಿನ ಗುರುವಾರ ಕಾರು ಬರಲಿಲ್ಲ. ಅದರ ಮುಂದಿನ ಗುರುವಾರ ಬಂತು. ಎಡಗಡೆಯ ಬಾಗಿಲು ನುಗ್ಗಾಗಿತ್ತು. ಸುಲಭಾಳ ಹಣೆಯ ಮೇಲೆ ಪಟ್ಟಿ, ಎಡಗೈ ಕೊರಳಿಗೆ ತೂಗುಬಿದ್ದಿತ್ತು.

"ನಂದ ತಪ್ಪು ಹುಲ್ಲಪ್ಪ," ಎಂದ ಗುರುರಾಜ. "ಆವತ್ತ ಹೊಳ್ಳಿ ಹೋಗೂ ಮುಂದ ಮಳಿ ಬಿದ್ದಿತ್ತು. ಅಮೀನಗಡದ ತಿರುವಿನ್ಯಾಗ ಜೋರು ಹೊಡದೆ. ಕಾರು ಗರ್ರನೆ ತಿರುಗಿ ಸಜ್ಜಿ ಹೊಲಕ್ಕ ಬಿತ್ತು. ದೇವರು ದೊಡ್ಡಾಂವ, ಇಷ್ಟರಾಗ ಮುಗೀತು. ನೀ ಎಲ್ಲಾ ಒಮ್ಮೆ ನೋಡಿಬಿಡು." ಹೇಳಿ ಎಂದಿನಂತೆ ಫ್ಯಾಕ್ಟರಿಗೆ ನಡೆದ.

ಹುಲ್ಲಪ್ಪ ಕಲ್ಲು ಪೇರಿಸಿದ. ಗೋಣಿತಟ್ಟು ಹಾಸಲಿಲ್ಲ. ಅವಳ ಬಾಗಿಲ ಬಳಿ ಬಂದು ನಿಂತ.

"ರಾಯರದು ತಪ್ಪಲ್ಲರಿ ಬಾಯಾರ. ನಂದು. ಈ ಗಾಲಿ ಒಂದು ನೂಲು ಹೊರಗಿತ್ತು. ನನಗ ಕಂಡಿತ್ತು. ಕಂಡೂ ಬಿಟ್ಟೆ."

"ಯಾಕ?"

"ಸರಿ ಆದ್ರ ನೀವು ಮತ್ತ ಬರಂಗಿಲ್ಲ ಅಂತ."

ಅಷ್ಟನ್ನು ಹೇಳಿ ಅವನು ತಲೆ ತಗ್ಗಿಸಿದ. ಅವಳು ಬೈಯಲಿ, ಕಪಾಳಕ್ಕೆ ಹೊಡೆಯಲಿ, ಅಣ್ಣನಿಗೆ ಹೇಳಿ ಪೊಲೀಸರನ್ನು ಕರೆಸಲಿ ಎಂದು ಕಾದ.

"ಅಣ್ಣನ ಭಾರಕ್ಕ ಕಲ್ಲು ಇಟ್ಟೀರಿ," ಎಂದಳು ಸುಲಭಾ. "ನನ್ನ ಭಾರಕ್ಕ ಯಾಕ ಇಡಲಿಲ್ಲ? ಇಳಕಲ್ಲಿನ್ಯಾಗ ಕಲ್ಲಿಗೆ ಬರ ಬಂದಿತ್ತೇನು? ಎರಡನೇ ವಾರನ ನನಗ ಹೊಳದಿತ್ತು. ಕೇಳಿದ್ರ ಎಲ್ಲಿ ಖರೆನ ಕಲ್ಲು ಇಟ್ಟುಬಿಡ್ತೀರಿ ಅಂತ ಕೇಳಲಿಲ್ಲ."

ಹುಲ್ಲಪ್ಪ ಮುಖವೆತ್ತಿದ. ಇಷ್ಟು ವಾರ ಕಾರಿನಡಿ ಮಲಗಿ ಬರೀ ದನಿ ಕೇಳಿದವನು ಈಗ ಅವಳ ಮುಖವನ್ನು ಕಣ್ತುಂಬ ನೋಡಿದ. ಹಣೆಯ ಪಟ್ಟಿಯ ಕೆಳಗೆ ಅದೇ ಕಣ್ಣುಗಳು. ಅವನ ಜೀವಮಾನದ ಸುಖವೆಲ್ಲ ಆ ಒಂದು ಗಳಿಗೆಯಲ್ಲಿ ಬಂದು ನಿಂತಿತು.

"ಮತ್ತ ಒಳಗ ವಾಲಿಸಿಬಿಡು," ಎಂದಳು ಸುಲಭಾ. ಮೊದಲ ಸಲ ಅವನನ್ನು ನೀ ಎಂದಿದ್ದಳು. "ಒಳಗ ವಾಲಿದ್ರ ಟೈರ್ ಸವೀತದ ಅಷ್ಟ, ಜೀವಕ್ಕೇನು ಆಗೂದಿಲ್ಲ ಅಂತ ನೀನ ಹೇಳಿದ್ದಿ. ಎಂಟು ನೂಲು ಒಳಗ ಮಾಡು. ಮೊದಲಿಂದ ಶುರು ಮಾಡೋಣ."

ಮಾಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೂ ಆರು ಗುರುವಾರ ಸಿಗುತ್ತಿದ್ದವು. ಹುಲ್ಲಪ್ಪನ ಬಾಯಿಯವರೆಗೆ ಹೂಂ ಬಂದಿತ್ತು.

"ಆಮ್ಯಾಲ?" ಎಂದ.

"ಆಮ್ಯಾಲಿಂದು ಆಮ್ಯಾಲ ನೋಡೋಣ."

"ನಿಮ್ಮ ಮನಿ ಹೊಚ್ಚಲಾ ದಾಟಿ ನಾ ಒಳಗ ಬರಾಕ ಆಗತೈತೇನ್ರಿ?"

"ನಾ ಹೊರಗ ಬರ್ತೇನಲ್ಲ," ಎಂದಳು ಅವಳು, ಒಂದು ಕ್ಷಣವೂ ತಡೆಯದೆ.

ಅವಳಿಗೆ ಧೈರ್ಯವಿತ್ತು. ಇಲ್ಲದ್ದು ತನಗೆ ಎಂದು ಅವನಿಗೆ ಆಗ ತಿಳಿಯಿತು. ಅಕ್ಕನ ವಿಷಯ ಹೇಳಿದ. ಸಾವಂತ್ರವ್ವನ ಹೆಸರು ಹೇಳಿದ, ಲಗ್ನದ ತಿಂಗಳು ಹೇಳಿದ.

"ಆಕಿ ನನ್ನ ಹೆಗಲ ಮ್ಯಾಲ ಕೂತು ಬೆಳದಾಕಿರಿ. ಹತ್ತೊಂಬತ್ತು ವರ್ಷ ನನ್ನ ಹೆಸರ ಹೇಳಿ ಊರ ಮಂದಿ ಆಕೀನ ಕಾಡಸ್ಯಾರ. ನಾ ಬಿಟ್ಟೆ ಅಂದ್ರ ಆಕಿ ಎಲ್ಲಿಗಿ ಹೋಗಬೇಕು? ಅಕ್ಕನ ಮುಂದ ನಾ ಯಾವ ಮಾರಿ ಹೊತ್ತು ನಿಲ್ಲಲಿ?"

ಸುಲಭಾ ಕಿಟಕಿಯ ಆಚೆ, ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿತು, ಅವಳು ಅದನ್ನು ಬೀಳಲು ಬಿಡಲಿಲ್ಲ.

"ಹಂಗಾರ ಸರಿ ಮಾಡ್ರಿ ಹುಲ್ಲಪ್ಪನವರ," ಎಂದಳು. "ಇವತ್ತ ಮುಗಿಸಿಬಿಡ್ರಿ."

ಅವನು ಗೋಣಿತಟ್ಟಿನ ಮೇಲೆ ಮಲಗಿ ಗಾಲಿಯ ಹಿಂದೆ ಸರಿದ. ಒಂದೊಂದೇ ತಗಡಿನ ಪಟ್ಟಿ ಬಿಚ್ಚಿ ತೆಗೆದ. ಕಾಲು ಗಂಟೆಯ ಕೆಲಸಕ್ಕೆ ಒಂದು ತಾಸು ಹಿಡಿಯಿತು. ಅಲುಗಾಡಬೇಡಿ ಎಂದು ಅವನು ಹೇಳಲಿಲ್ಲ, ಅವಳು ಅಲುಗಾಡಲೂ ಇಲ್ಲ. ಕಾರಿನಡಿ ಅವನು ಅತ್ತ. ಗ್ರೀಸಿನ ಕೈಯಿಂದ ಕಣ್ಣೊರೆಸಿಕೊಳ್ಳಲಾಗದೆ ನೀರು ಕಿವಿಯತ್ತ ಹರಿದು ಗೋಣಿಗೆ ಇಂಗಿತು. ಮೂರು ಸಲ ಅಳೆದ. ಎಡಗಾಲಿಯ ತಲೆ ಎರಡೇ ನೂಲು ಒಳಗೆ, ಬಲಗಾಲಿಗೆ ಸರಿಸಮನಾಗಿ ನಿಂತಿತ್ತು. ಇದಕ್ಕಿಂತ ಚೆಂದದ ಕೆಲಸವನ್ನು ಅವನು ಮಾಡಿರಲಿಲ್ಲ.

ಗುರುರಾಜ ಫ್ಯಾಕ್ಟರಿಯಿಂದ ಬಂದ. ಕಲ್ಲು ಇಳಿಸಿದರು. ತಂಗಿಯನ್ನು ಕೂರಿಸಿಕೊಂಡು ಅವನು ಕುಷ್ಟಗಿ ರಸ್ತೆಯಲ್ಲಿ ಎರಡು ಮೈಲಿ ಹೋಗಿ, ತಿರುವುಗಳಲ್ಲೆಲ್ಲ ಓಡಿಸಿ ನೋಡಿ ಹಿಂತಿರುಗಿದ. ಮುಖ ಅರಳಿತ್ತು.

"ಹಳಿ ಮ್ಯಾಲ ರೈಲು ಹೋದಂಗ ಹೋಗ್ತದಲ್ಲೋ ಹುಲ್ಲಪ್ಪ. ಇನ್ನ ಯಾವಾಗ ತಂದು ತೋರಿಸಬೇಕು?"

ಹುಲ್ಲಪ್ಪ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಸುಲಭಾ ಅವನನ್ನೇ ನೋಡುತ್ತಿದ್ದಳು. ಒಂದು ಮಾತು, ಒಂದು ತಿಂಗಳು ಬಿಟ್ಟು ಬರ್ರಿ ಎಂಬ ಒಂದು ಮಾತು ಸಾಕಿತ್ತು.

"ತೋರಸೂದು ಬ್ಯಾಡ್ರಿ ರಾಯರ," ಎಂದ. "ಈ ಗಾಲಿ ಇನ್ನ ಹತ್ತು ವರ್ಷ ಅಲುಗಂಗಿಲ್ಲ."

"ಹತ್ತು ವರ್ಷ," ಗುರುರಾಜ ಖುಷಿಯಿಂದ ಗೇರ್ ಹಾಕಿದ. "ಕೇಳಿಸ್ತೇನು ಸುಲಭಾ?"

"ಕೇಳಿಸ್ತು ಅಣ್ಣಾ," ಎಂದಳು ಸುಲಭಾ.